ಇಪ್ಪತ್ತೊಂದನೆಯ ವಚನಕ್ಕೆ ಮುಂಚೆ

ಬೀದರ್ ಜಿಲ್ಲೆಯ ಕ್ರೈಸ್ತ ಸಭೆಗಳಿಂದ ಸಲಹೆಗಾಗಿ ನನ್ನ ಬಳಿ ಬರುವ ಹೆಣ್ಣುಮಕ್ಕಳಲ್ಲಿ, ಅತ್ತರೆ ವಿಶ್ವಾಸವಿಲ್ಲವೆಂದಾರು ಎಂಬ ಒಂದೇ ಬಗೆಯ ಅಂಜಿಕೆಯನ್ನು ಮತ್ತೆ ಮತ್ತೆ ಕಾಣುತ್ತಿರುವುದರಿಂದ, ಗುರುತು ಸಿಗದಂತೆ ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಅವರಲ್ಲೊಬ್ಬಾಕೆ ಶಿಕ್ಷಕಿ, ಎರಡನೆಯ ಬಾರಿಯೂ ಗರ್ಭ ನಿಂತಿರಲಿಲ್ಲ. ಕೆಟ್ಟ ಯೋಚನೆ ಬಂದಾಗಲೆಲ್ಲ ಬೈಬಲಿನ ಒಂದು ವಾಗ್ದಾನದ ವಚನವನ್ನು ಹೇಳಿಕೊಳ್ಳುವಂತೆ ಮೊದಲ ಭೇಟಿಯಲ್ಲಿ ತಿಳಿಸಿದ್ದೆ.

ಎರಡನೆಯ ಭೇಟಿಯಲ್ಲಿ ಆಕೆ ಬಹಳ ಹೊತ್ತು ಸುಮ್ಮನಿದ್ದು, "ಅಕ್ಕಾ, ವಚನ ಹೇಳ್ಕೊಂತೀನ್ರಿ, ಆದ್ರ ದೇವರಿಗೇ ಸುಳ್ಳು ಹೇಳಿದಂಗ ಆಗ್ತದ. ಅತ್ರ ವಿಶ್ವಾಸ ಇಲ್ಲಂತಾರ" ಎಂದರು. ನನ್ನ ಸಲಹೆಯೇ ಆಕೆಯ ಬಾಯಿ ಕಟ್ಟಿತ್ತೆಂದು ಆಗ ತಿಳಿಯಿತು.

ಬೈಬಲಿನಲ್ಲಿ ಗೋಳಾಟದ ಹಾಡುಗಳಿರುವ ಪ್ರಲಾಪಗಳು ಎಂಬ ಪುಸ್ತಕದ 3ನೆಯ ಅಧ್ಯಾಯವನ್ನು ಇಬ್ಬರೂ ಮೊದಲಿನಿಂದ ಓದಿದೆವು. ಪ್ರತಿ ಬೆಳಿಗ್ಗೆ ಹೊಸದಾಗುವ ಕರುಣೆಯ 22 ಮತ್ತು 23ನೆಯ ವಚನಗಳು ಆಕೆಗೆ ಬಾಯಿಪಾಠವಾಗಿದ್ದವು; ನಿರೀಕ್ಷೆಯೇ ನಾಶವಾಯಿತೆಂದು ಅದೇ ಮನುಷ್ಯ 18ನೆಯ ವಚನದಲ್ಲಿ ಹೇಳಿದ್ದನ್ನು ಆಕೆಗೆ ಯಾರೂ ತೋರಿಸಿರಲಿಲ್ಲ. 21ರಲ್ಲಿ ಅವನು ಒಂದನ್ನು ನೆನಪಿಗೆ ತಂದುಕೊಂಡು ಮತ್ತೆ ನಿರೀಕ್ಷಿಸುತ್ತಾನೆ, ಆದರೆ ಹಿಂದಿನ ಇಪ್ಪತ್ತು ವಚನಗಳನ್ನು ಅಳಿಸುವುದಿಲ್ಲ. ನಿರೀಕ್ಷೆ ಎಂಬ ಮಾತಿನಲ್ಲಿಯೇ ನೋಡುವುದೆಂಬ ಅರ್ಥವಿದೆ. ಅಳುವ ಕಣ್ಣೂ ದೇವರ ಕಡೆ ನೋಡಬಲ್ಲದು ಎಂಬುದು ನನ್ನ ದೃಢ ನಂಬಿಕೆ. ಆಕೆ 18ನೆಯ ವಚನವನ್ನು ಎರಡು ಸಲ ಗಟ್ಟಿಯಾಗಿ ಓದಿ, ಅತ್ತರು.

ದಿನವೂ ರಾತ್ರಿ ನೋಟ್‌ಬುಕ್ಕಿನಲ್ಲಿ ಮೊದಲು ದೂರನ್ನು ಇದ್ದಂತೆಯೇ ಬರೆಯಬೇಕು, ಕೆಳಗೆ ಆ ದಿನ ಕಂಡ ಒಂದು ದಯೆಯನ್ನು ಬರೆಯಬೇಕು, ಕಾಣದಿದ್ದರೆ ಜಾಗ ಬಿಡಬೇಕು ಎಂದು ಹೇಳಿದೆ. ಬಲವಂತದ ಸ್ತುತಿಯಿಂದ ಅಭ್ಯಾಸ ಬೇರೂರುವುದಿಲ್ಲ. ವಾರಗಟ್ಟಲೆ ನಿದ್ದೆ ಇರಲಿಲ್ಲವಾದ್ದರಿಂದ ಮನೋವೈದ್ಯರ ಬಳಿಗೂ ಕಳಿಸಿದೆ; ರಾತ್ರಿ ತಡೆಯಲಾರದಾದರೆ ಕರೆ ಮಾಡಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ.

ಪ್ರಾರ್ಥನೆ ಸಾಲದೇ ಎಂದು ಸಭೆಯ ಹಿರಿಯರೊಬ್ಬರು ನನ್ನನ್ನು ಕೇಳಿದರು. ಸಾವನ್ನೇ ಬೇಡಿ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು. ಅವನು ಉಂಡು ಮತ್ತೆ ಮಲಗಿದಾಗ ದೂತನು ಗದರಿಸಲಿಲ್ಲ. ಬೈಬಲಿನ 1 ಅರಸುಗಳು ಪುಸ್ತಕದ 19ನೆಯ ಅಧ್ಯಾಯದಲ್ಲಿ ಇರುವ ಈ ಕ್ರಮವನ್ನೇ ನಾನು ಪಾಲಿಸಿದ್ದೇನೆಂದು ಅವರಿಗೆ ಉತ್ತರಿಸಿದೆ.

ಮೂರನೆಯ ಭೇಟಿಗೆ ಆಕೆ ನೋಟ್‌ಬುಕ್ ತಂದಿದ್ದರು. ಐದು ದಿನ ಕೆಳಗಿನ ಜಾಗ ಖಾಲಿಯಿತ್ತು. ಆರನೆಯ ದಿನ ಹೀಗೆ ಬರೆದಿದ್ದರು: "ಅತ್ತಿ ತಾವೇ ರೊಟ್ಟಿ ಬಡಿದ್ರು. ನನ್ನ ಎಬ್ಬಿಸಲಿಲ್ಲ."