ಸ್ತುತಿಗೆ ಕೂಲಿ ಉಂಟೇ?

ಹೆಸರು ಹಾಕಬೇಡಿ ಎಂದು ಕೋರಿರುವ ಚಳ್ಳಕೆರೆ ತಾಲ್ಲೂಕಿನ ಸಹೋದರಿಗೆ ವಂದನೆಗಳು.

ನಿಮ್ಮ ಪತ್ರದ ಸಾರ ಇಷ್ಟು. ಊರಿಗೆ ಬಂದ ಪ್ರಸಂಗಿಯೊಬ್ಬರು ‘ಎಷ್ಟು ಸ್ತುತಿಸುತ್ತೀರೋ ಅಷ್ಟು ಆಶೀರ್ವಾದ’ ಎಂದರು. ನೀವು ಉಪವಾಸ ಪ್ರಾರ್ಥನೆಗಳಲ್ಲಿ ಗಂಟಲು ಕಟ್ಟುವ ತನಕ ಹಾಡಿದಿರಿ, ಸಾಲ ಮಾಡಿ ವಿಶೇಷ ಕಾಣಿಕೆಯನ್ನೂ ಕೊಟ್ಟಿರಿ. ಶೇಂಗಾ ಕೈಕೊಟ್ಟಿತು, ಬೋರು ಬತ್ತಿತು. ಸಭೆಯಲ್ಲಿ ದೇವರ ಉಪಕಾರಗಳ ಸಾಕ್ಷಿ ಹೇಳುವ ಹೊತ್ತಿಗೆ ಒಬ್ಬರು ಸೈಟು ಬಂತೆಂದು, ಇನ್ನೊಬ್ಬರು ಕಾರು ಬಂತೆಂದು ಎದ್ದಾಗ ನೀವು ತಲೆ ತಗ್ಗಿಸಿ ಕೂತಿರುತ್ತೀರಿ. ‘ನಮ್ಮ ಕಡೆ ಹಟ್ಟಿ ತಿಪ್ಪೇಸ್ವಾಮಿಯವರೂ ಮಾಡಿದಷ್ಟು ನೀಡು ಭಿಕ್ಷೆ ಅಂದಿದ್ದಾರಲ್ಲ, ನನ್ನ ಸ್ತುತಿಯೇ ಕಡಿಮೆ ಬಿತ್ತೇನೋ’ ಎಂದು ಕೇಳಿದ್ದೀರಿ.

ಕಡಿಮೆ ಬಿದ್ದಿಲ್ಲ ತಾಯಿ. ನಾಯಕನಹಟ್ಟಿಯ ಸಂತ ತಿಪ್ಪೇಸ್ವಾಮಿಯವರ ಆ ಮಾತನ್ನು ಜನ ಅವರು ಕೆರೆ ಕಟ್ಟಿಸಿದ ಕಥೆಯೊಂದಿಗೇ ಹೇಳುತ್ತಾರೆ: ಮಣ್ಣು ಹೊತ್ತಷ್ಟು ಕೂಲಿ. ದುಡಿಮೆಗೆ ಅದು ನ್ಯಾಯವಾದ ಲೆಕ್ಕ. ಆದರೆ ಅದನ್ನೇ ಆರಾಧನೆಗೆ ಅಂಟಿಸಿದರೆ ದೇವರು ಹಾಜರಿ ಪುಸ್ತಕ ಹಿಡಿದ ಮೇಸ್ತ್ರಿಯಾಗಿಬಿಡುತ್ತಾನೆ.

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಕ್ರಮವೇ ಬೇರೆ. ಧರ್ಮೋಪದೇಶಕಾಂಡದ 8ನೇ ಅಧ್ಯಾಯ ನೋಡಿ, ಮೊದಲು ಉಂಡು ತೃಪ್ತರಾಗುವುದು, ಆಮೇಲೆ ಕೊಂಡಾಡುವುದು. 103ನೇ ಕೀರ್ತನೆಯ 22 ವಚನಗಳನ್ನೂ ಜಾಲಾಡಿ, ‘ಕೊಡು’ ಎಂಬ ಬೇಡಿಕೆ ಒಂದೂ ಸಿಗದು. ಬಂದದ್ದನ್ನು ಎಣಿಸುವುದೇ ಅಲ್ಲಿನ ಕೆಲಸ.

ಹಾಗಾದರೆ ಸ್ತುತಿಸಿದವರಿಗೆ ಏನೂ ಸಿಗುವುದಿಲ್ಲವೇ? ಸಿಗುತ್ತದೆ. ಅಪೊಸ್ತಲರ ಕೃತ್ಯಗಳು 16 ಓದಿ. ಫಿಲಿಪ್ಪಿಯ ಸೆರೆಮನೆ, ಮೈಮೇಲೆ ಛಡಿಯೇಟಿನ ಬಾಸುಂಡೆ, ಕಾಲಿಗೆ ಕೋಳ. ನಡುರಾತ್ರಿಯಲ್ಲಿ ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ ಸೀಲರು ಹಾಡುತ್ತಿದ್ದಾರೆ. ಭೂಕಂಪವಾಗಿ ಬಾಗಿಲುಗಳು ತೆರೆದವು, ಬೇಡಿಗಳು ಕಳಚಿದವು. ನಮ್ಮ ಪ್ರಸಂಗಿಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ಹೊಡೆಸುತ್ತಾರೆ. ಮುಂದಿನದು ಇನ್ನೂ ದೊಡ್ಡದು: ಬಾಗಿಲು ತೆರೆದಿದ್ದರೂ ಅವರಿಬ್ಬರು ಓಡಲಿಲ್ಲ. ಕೈದಿಗಳು ಪರಾರಿಯಾದರೆಂದು ಕತ್ತಿ ಹಿರಿದು ಸಾಯಹೊರಟ ಸೆರೆಮನೆಯ ಯಜಮಾನನನ್ನು ಕೂಗಿ ತಡೆದರು. ಅವನು ಅದೇ ರಾತ್ರಿ ಅವರ ಗಾಯ ತೊಳೆದು, ಮನೆಗೆ ಕರೆದೊಯ್ದು ಊಟಕ್ಕಿಟ್ಟ. ಮನೆಮಂದಿಯೆಲ್ಲ ದೀಕ್ಷಾಸ್ನಾನ ಪಡೆದರು. ಹಾಡಿದವರು ಇಬ್ಬರು, ಆಶೀರ್ವಾದ ಇಳಿದದ್ದು ಕಾವಲುಗಾರನ ಮನೆಗೆ! ಯಾವ ದರಪಟ್ಟಿಗೆ ಸೇರಿಸೋಣ ಇದನ್ನು?

ನಿಮ್ಮ ಬೋರಿನ ವಿಷಯ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಿಮ್ಮದೊಂದು. ಇಂಗಿದ್ದಕ್ಕಿಂತ ಎತ್ತಿದ್ದು ಹೆಚ್ಚಾದರೆ ಭಕ್ತರ ಬೋರೂ ಬತ್ತುತ್ತದೆ, ನಾಸ್ತಿಕರ ಬೋರೂ ಬತ್ತುತ್ತದೆ. ದಯವಿಟ್ಟು ಇನ್ನೊಂದು ಕಾಣಿಕೆಗೆಂದು ಸಾಲ ಮಾಡಬೇಡಿ. ಆ ಹಣವಿದ್ದರೆ ಹೊಲದ ಬದು ಸರಿಮಾಡಿಸಿ, ಒಂದು ಕೃಷಿಹೊಂಡ ತೆಗೆಸಿ.

ಹಾಡುವುದನ್ನು ಬಿಡಿ ಎನ್ನುತ್ತಿಲ್ಲ. ಅಂಜೂರ ಚಿಗುರದಿದ್ದರೂ, ಹಟ್ಟಿಯಲ್ಲಿ ದನವಿಲ್ಲದಿದ್ದರೂ ಕರ್ತನಲ್ಲಿ ಉಲ್ಲಾಸಿಸುವೆನೆಂದ ಪ್ರವಾದಿ ಹಬಕ್ಕೂಕ ನಮ್ಮ ಬರದ ಸೀಮೆಯವನೇ ಅನ್ನಿಸುತ್ತಾನೆ. ಆದರೆ ಅವನ ಪುಸ್ತಕ ಶುರುವಾಗುವುದು ಜಗಳದಿಂದ, ‘ಎಷ್ಟು ಕಾಲ ಮೊರೆಯಿಡಲಿ, ನೀನು ಕೇಳುವುದೇ ಇಲ್ಲವಲ್ಲ’ ಎಂದು. 13ನೇ ಕೀರ್ತನೆಯೂ ಹಾಗೇ ಕೇಳುತ್ತದೆ, ಒಂದಲ್ಲ, ನಾಲ್ಕು ಸಲ. ಬರುವ ಭಾನುವಾರ ಸಾಕ್ಷಿಯ ಸಮಯದಲ್ಲಿ ನೀವೂ ಎದ್ದು ನಿಲ್ಲಿ. ಬೋರು ಬತ್ತಿದ್ದನ್ನೇ ಹೇಳಿ, ಆ ಕೀರ್ತನೆಯನ್ನು ಓದಿ ಕೂತುಕೊಳ್ಳಿ. ಸಭಾಪಾಲಕರು ತಡೆದರೆ ಈ ಪುಟವನ್ನು ತೋರಿಸಿ.

— ಸಂಪಾದಕ, ದಾವಣಗೆರೆ