ಎನ್‌ಡಿಐಎಸ್ ನಿಯಮ ಬದಲಾದ ಮೇಲೆ ಮನೆಯವರು ಏನು ಮಾಡಬೇಕು?

ಆಸ್ಟ್ರೇಲಿಯಾದಲ್ಲಿ ವಿಕಲಚೇತನರಿಗೆ ಬೇಕಾದ ಸಹಾಯಕ್ಕೆ ದುಡ್ಡು ಕೊಡುವ ಸರ್ಕಾರಿ ಯೋಜನೆಯೇ ಎನ್‌ಡಿಐಎಸ್. ಯಾವ ಸಹಾಯಕ್ಕೆ ಎಷ್ಟು ದುಡ್ಡು ಎಂದು ಒಬ್ಬೊಬ್ಬರಿಗೂ ಬರೆದುಕೊಡುವ ಪತ್ರವೇ ಪ್ಲಾನ್. 2013ರ ಕಾನೂನಿನಡಿ ನಡೆಯುತ್ತಿರುವ ಈ ಯೋಜನೆಗೆ 2024ರ ಅಕ್ಟೋಬರ್ 3ರಿಂದ ದೊಡ್ಡ ತಿದ್ದುಪಡಿ ಜಾರಿಗೆ ಬಂತು. ಯೋಜನೆಯ ಖರ್ಚು ವರ್ಷಕ್ಕೆ ಶೇ 8ಕ್ಕಿಂತ ಹೆಚ್ಚು ಬೆಳೆಯದಂತೆ ಹಿಡಿದಿಡಬೇಕೆಂಬುದು ಅಲ್ಲಿನ ಸರ್ಕಾರ ಆಗ ಇಟ್ಟುಕೊಂಡಿದ್ದ ಗುರಿ. ಅದರ ಬಿಸಿ ಮೊದಲು ತಟ್ಟುವುದು ಮನೆಯಲ್ಲಿ ಆರೈಕೆ ಮಾಡುವ ಅಪ್ಪ, ಅಮ್ಮ, ಗಂಡ, ಹೆಂಡತಿಗೆ. ಅಲ್ಲಿರುವ ಕನ್ನಡಿಗ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರ.

ಮಗನಿಗೆ 11 ವರ್ಷ, ಸೆರೆಬ್ರಲ್ ಪಾಲ್ಸಿ. ಹೊಸ ಪ್ಲಾನಿನಲ್ಲಿ ಒಂದು ವರ್ಷದ ದುಡ್ಡು ಬರೆದಿದ್ದಾರೆ, ಆದರೆ ಬಳಸಲು ಸಿಗುತ್ತಿರುವುದು ಕಾಲು ಭಾಗ ಮಾತ್ರ. ಜನವರಿ ರಜೆಯಲ್ಲಿ ಸಪೋರ್ಟ್ ವರ್ಕರ್ ಜಾಸ್ತಿ ಬೇಕಾಗುತ್ತಾರೆ. ಮುಂದಿನ ತಿಂಗಳುಗಳ ದುಡ್ಡನ್ನು ಈಗಲೇ ಬಳಸಬಹುದೇ? — ಓದುಗರು, ಮೆಲ್ಬರ್ನ್

ಇಲ್ಲ. 2025ರ ಮೇ 19ರಿಂದ ಹೊಸದಾಗಿ ಕೊಡುವ ಪ್ಲಾನುಗಳಲ್ಲಿ ದುಡ್ಡು ಕಂತಿನಲ್ಲಿ ಬಿಡುಗಡೆಯಾಗುತ್ತದೆ. ಸಾಮಾನ್ಯವಾಗಿ ಒಂದು ಕಂತು ಎಂದರೆ ಮೂರು ತಿಂಗಳು. ಈ ಕಂತಿನಲ್ಲಿ ಉಳಿದದ್ದು ಮುಂದಿನ ಕಂತಿಗೆ ಸೇರುತ್ತದೆ, ಆದರೆ ಮುಂದಿನ ಕಂತಿಗೆ ಈಗ ಕೈ ಹಾಕುವಂತಿಲ್ಲ. ಪ್ಲಾನೇ ಮುಗಿದರೆ ಉಳಿಕೆ ಹೊಸ ಪ್ಲಾನಿಗೆ ಬರುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ದಿನನಿತ್ಯದ ಸಹಾಯಕ್ಕೆಂದು ಕೊಡುವ ಕೋರ್ ಬಜೆಟ್ ವರ್ಷಕ್ಕೆ 24,000 ಡಾಲರ್ ಎಂದಿಟ್ಟುಕೊಳ್ಳಿ, ಕಂತಿಗೆ 6,000. 2025–26ರ ದರಪಟ್ಟಿಯಲ್ಲಿ ಸಪೋರ್ಟ್ ವರ್ಕರ್‌ಗೆ ವಾರದ ದಿನ ಹಗಲು ಹೊತ್ತಿನ ಗರಿಷ್ಠ ದರ ಗಂಟೆಗೆ 70.23. ಅಂದರೆ ಕಂತಿಗೆ 85 ಗಂಟೆ, ವಾರಕ್ಕೆ ಆರೂವರೆ ಗಂಟೆ. ರಜೆಯ ಆರು ವಾರ ವಾರಕ್ಕೆ 12 ಗಂಟೆಯಂತೆ ಕರೆಸಿದರೆ 5,056 ಡಾಲರ್ ಹೋಯಿತು. ಉಳಿದ ಏಳು ವಾರಕ್ಕೆ ನಿಮ್ಮ ಕೈಯಲ್ಲಿರುವುದು ಬರೀ 13 ಗಂಟೆ. ಅದೇ ಕೆಲಸಕ್ಕೆ ಶನಿವಾರ 98.83, ಭಾನುವಾರ 127.43. ಭಾನುವಾರವೇ ಕರೆಸುವ ಅಭ್ಯಾಸವಿದ್ದರೆ ಇಡೀ ಕಂತು 47 ಗಂಟೆಗೆ ಖಾಲಿ. ಬಹಳ ಮನೆಗಳಲ್ಲಿ ದುಡ್ಡು ಸೋರುವುದು ಇಲ್ಲಿ. ದೇವಸ್ಥಾನಕ್ಕೋ ಕನ್ನಡ ಸಂಘದ ಕಾರ್ಯಕ್ರಮಕ್ಕೋ ಹೋಗಲು ಭಾನುವಾರವೇ ಬೇಕು ಎನ್ನುವುದು ಸರಿ, ಆದರೆ ಸ್ನಾನ ಮಾಡಿಸಲು, ಕಸರತ್ತು ಮಾಡಿಸಲು ಮಂಗಳವಾರವಾದರೂ ನಡೆಯುತ್ತದಲ್ಲ.

ನಿಮ್ಮ ಪ್ಲಾನಿನ ಕಂತಿನ ತಾರೀಖುಗಳನ್ನು ಶಾಲೆಯ ಕ್ಯಾಲೆಂಡರಿನ ಮೇಲೆ ಬರೆದುಕೊಳ್ಳಿ. ಎರಡೂ ಹೊಂದುವುದು ಅಪರೂಪ. ದೊಡ್ಡ ರಜೆ ಯಾವ ಕಂತಿನಲ್ಲಿ ಬೀಳುತ್ತದೋ ಅದರ ಹಿಂದಿನ ಕಂತಿನಲ್ಲಿ ವಾರಕ್ಕೆ ಒಂದೂವರೆ ಗಂಟೆ ಕಡಿಮೆ ಮಾಡಿದರೆ 20 ಗಂಟೆಯಷ್ಟು ಉಳಿದು ರಜೆಗೆ ಬರುತ್ತದೆ. ವರ್ಕರ್‌ಗಳನ್ನು ಕಳಿಸುವ ಏಜೆನ್ಸಿಯವರ ಜೊತೆಗಿನ ಸರ್ವಿಸ್ ಅಗ್ರಿಮೆಂಟ್‌ನಲ್ಲಿ ವರ್ಷದ ಗಂಟೆ ಬರೆಸಬೇಡಿ, ಕಂತಿನ ಗಂಟೆ ಬರೆಸಿ. ವರ್ಷದ ಲೆಕ್ಕದಲ್ಲಿ ಸಹಿ ಹಾಕಿ, ಕಂತು ಮುಗಿದ ಮೇಲೂ ವರ್ಕರ್ ಬಂದು ಹೋದರೆ, ನಿಮ್ಮ ಪರವಾಗಿ ಬಿಲ್ಲುಗಳನ್ನು ನೋಡಿಕೊಳ್ಳುವ ಪ್ಲಾನ್ ಮ್ಯಾನೇಜರ್ ಕಳಿಸಿದ ಬಿಲ್ಲು ವಾಪಸ್ ಬರುತ್ತದೆ, ಏಜೆನ್ಸಿ ನಿಮ್ಮ ಜೇಬಿನಿಂದ ಕೇಳುತ್ತದೆ. ಪ್ಲಾನ್ ಮ್ಯಾನೇಜರ್‌ಗೆ ತಿಂಗಳ ಮಧ್ಯದಲ್ಲೊಮ್ಮೆ ಮೇಲ್ ಹಾಕಿ, ಇನ್ನೂ ಬಿಲ್ ಆಗದ ಗಂಟೆಗಳನ್ನೂ ಕಳೆದು ಬಾಕಿ ಎಷ್ಟೆಂದು ಕೇಳಿ. ಪೋರ್ಟಲ್‌ನಲ್ಲಿ ಕಾಣುವ ಬಾಕಿಯಲ್ಲಿ ಬರಬೇಕಾದ ಬಿಲ್ಲುಗಳು ಸೇರಿರುವುದಿಲ್ಲ.

ಆರೈಕೆ ಮಾಡುವವರೇ ಆಸ್ಪತ್ರೆ ಸೇರಿದಂಥ ಸಂದರ್ಭ ಬಂದರೆ ಮಾತ್ರ ವಿಷಯ ಬೇರೆ. ಪರಿಸ್ಥಿತಿ ಬದಲಾಗಿದೆ ಎಂದು ಪ್ಲಾನ್ ಬದಲಿಸಲು ಅರ್ಜಿ ಹಾಕಿ. ಬದಲಿಸುತ್ತಾರೋ ಇಲ್ಲವೋ ಎಂಬುದನ್ನು ಎನ್‌ಡಿಐಎಸ್ ನಡೆಸುವ ಸರ್ಕಾರಿ ಸಂಸ್ಥೆಯವರು 21 ದಿನದಲ್ಲಿ ತೀರ್ಮಾನಿಸಬೇಕು.

ಪ್ಲಾನಿಂಗ್ ಮೀಟಿಂಗ್‌ನಲ್ಲಿ "ಮನೆಯಲ್ಲಿ ಯಾರು ನೋಡಿಕೊಳ್ಳುತ್ತೀರಿ" ಎಂದು ಕೇಳಿದರು. "ನಾವೇ ಎಲ್ಲಾ ನೋಡಿಕೊಳ್ಳುತ್ತೇವೆ, ನಮ್ಮತ್ತೆಯೂ ಬಂದಿದ್ದಾರೆ" ಎಂದೆ. ಮಗಳ ಹೊಸ ಪ್ಲಾನಿನಲ್ಲಿ ಗಂಟೆಗಳು ಅರ್ಧವಾಗಿವೆ. ಸಂಬಂಧವಿದೆಯೇ? — ಓದುಗರು, ಸಿಡ್ನಿಯ ಪಶ್ಚಿಮ ಭಾಗ

ಇದ್ದೇ ಇದೆ ಎಂದುಕೊಳ್ಳಿ. ಮನೆಯವರು, ಬಂಧುಗಳು ಎಷ್ಟು ಮಾಡುವುದು ನ್ಯಾಯ ಎಂಬುದನ್ನು ಗಣನೆಗೆ ತೆಗೆದುಕೊಂಡೇ ದುಡ್ಡು ಕೊಡಬೇಕೆಂದು ಎನ್‌ಡಿಐಎಸ್ ಕಾನೂನಿನ 34ನೇ ಸೆಕ್ಷನ್ ಹೇಳುತ್ತದೆ. ಇದು ಹಳೆಯ ನಿಯಮವೇ. ಈಗ ಬಿಗಿಯಾಗಿ ಅನ್ವಯಿಸುತ್ತಿದ್ದಾರೆ. ನೀವು ಮರ್ಯಾದೆಗೆ ಹೇಳಿದ "ನಾವೇ ನೋಡಿಕೊಳ್ಳುತ್ತೇವೆ" ಅವರ ಕಡತದಲ್ಲಿ ಪುಕ್ಕಟೆ ಸಿಗುವ ಗಂಟೆಗಳಾಗಿ ಕೂರುತ್ತದೆ. ಅತ್ತೆಯ ಕತೆ ಇನ್ನೂ ಕಷ್ಟ. ವಿಸಿಟರ್ ವೀಸಾದಲ್ಲಿ ಬಂದವರು ವಾಪಸ್ ಹೊರಡುವ ತಾರೀಖು ಹೇಳದಿದ್ದರೆ ಅವರನ್ನೂ ಕಾಯಂ ಆಸರೆ ಎಂದೇ ಬರೆದುಕೊಳ್ಳಬಹುದು.

ಇದಕ್ಕೆ ಮದ್ದು ಕೇರರ್ ಸ್ಟೇಟ್‌ಮೆಂಟ್. ಇದು ಆರೈಕೆ ಮಾಡುವವರು ತಮ್ಮ ಕಡೆಯಿಂದ ಬರೆದು ಕೊಡುವ ಪತ್ರ. ಮೀಟಿಂಗ್‌ಗೆ ಎರಡು ವಾರ ಮುಂಚಿನಿಂದ ಒಂದು ನೋಟ್‌ಬುಕ್‌ನಲ್ಲಿ ಹೊತ್ತು, ಕೆಲಸ, ಹಿಡಿದ ನಿಮಿಷ, ಎಷ್ಟು ಜನ ಬೇಕಾಯಿತು ಇಷ್ಟನ್ನು ಬರೆದಿಡಿ. ರಾತ್ರಿಯನ್ನು ಮರೆಯಬೇಡಿ, ಎಲ್ಲರೂ ಮರೆಯುವುದು ಅದನ್ನೇ. ಆಮೇಲೆ ಎರಡು ಪುಟಕ್ಕೆ ಇಳಿಸಿ.

ಬರೆಯುವ ರೀತಿ ಮುಖ್ಯ. "ಮಗಳನ್ನು ನೋಡಿಕೊಳ್ಳುವುದು ತುಂಬಾ ಕಷ್ಟ, ನಿದ್ದೆಯಿಲ್ಲ" ಎಂದರೆ ಓದುವವರಿಗೆ ಏನೂ ತಿಳಿಯದು. ಹೀಗೆ ಬರೆಯಿರಿ: "9 ವರ್ಷ, 31 ಕಿಲೋ. ಹಾಸಿಗೆಯಿಂದ ಕುರ್ಚಿಗೆ ಎತ್ತಲು ಇಬ್ಬರು ಬೇಕು, ದಿನಕ್ಕೆ ಆರು ಸಲ. ಬೆಳಗ್ಗೆ ಬಟ್ಟೆ ಹಾಕಲು 40 ನಿಮಿಷ. ರಾತ್ರಿ ಮಗ್ಗುಲು ಬದಲಿಸಲು 11, 2 ಮತ್ತು 5 ಗಂಟೆಗೆ ಏಳಬೇಕು. ತಾಯಿಗೆ ಸೊಂಟದ ಡಿಸ್ಕ್ ತೊಂದರೆ, ಎತ್ತಬಾರದೆಂದು ಜಿಪಿ (ಫ್ಯಾಮಿಲಿ ಡಾಕ್ಟರ್) ಬರೆದಿದ್ದಾರೆ, ಪತ್ರ ಲಗತ್ತಿಸಿದೆ. ಅಜ್ಜಿ ಮಾರ್ಚ್‌ನಲ್ಲಿ ಮೈಸೂರಿಗೆ ಮರಳುತ್ತಾರೆ." ಮಕ್ಕಳ ವಿಷಯದಲ್ಲಿ ಅವರು ಅದೇ ವಯಸ್ಸಿನ ಬೇರೆ ಮಗುವಿಗೆ ತಂದೆತಾಯಿ ಎಷ್ಟು ಮಾಡುತ್ತಾರೋ ಅದನ್ನು ಕಳೆದೇ ನೋಡುತ್ತಾರೆ. ಹಾಗಾಗಿ ಮೂರು ವರ್ಷದ ಮಗುವಿಗೆ ಊಟ ಮಾಡಿಸುತ್ತೇನೆ ಎಂದು ಬರೆದು ಪ್ರಯೋಜನವಿಲ್ಲ, ಒಂಬತ್ತು ವರ್ಷದವಳಿಗೆ ಮಾಡಿಸುತ್ತೇನೆ ಎಂದರೆ ತೂಕವಿದೆ.

ಕೊನೆಯಲ್ಲಿ ಎರಡು ಸಾಲು ಕಡ್ಡಾಯ: ಈಗ ಮಾಡುತ್ತಿರುವುದರಲ್ಲಿ ಯಾವುದನ್ನು ಮುಂದುವರಿಸಲು ಆಗುವುದಿಲ್ಲ, ನಾಳೆ ನೀವೇ ಮಲಗಿದರೆ ಯಾರಿದ್ದಾರೆ. "ಯಾರೂ ಇಲ್ಲ" ಎಂಬುದೂ ಉತ್ತರವೇ.

ಮುಂದೆ ಐ-ಕ್ಯಾನ್ ಎಂಬ ಅಳತೆಗೋಲಿನ ಮೂಲಕ ವ್ಯಕ್ತಿಯ ಅಗತ್ಯವನ್ನು ಸಂದರ್ಶನದಲ್ಲಿ ಅಳೆದು, ಅದರ ಮೇಲೆ ಒಟ್ಟು ಬಜೆಟ್ ನಿಗದಿ ಮಾಡುವ ಪದ್ಧತಿ 16 ವರ್ಷ ಮೇಲ್ಪಟ್ಟವರಿಂದ ಶುರುವಾಗಲಿದೆ. 2025ರ ಸೆಪ್ಟೆಂಬರ್‌ನಲ್ಲಿ ಇದನ್ನು ಪ್ರಕಟಿಸಿದರು. ಆಗಲೂ ಈ ನೋಟ್‌ಬುಕ್ ವ್ಯರ್ಥವಾಗದು. ಸಂದರ್ಶನದಲ್ಲಿ ಒಳ್ಳೆಯ ದಿನವನ್ನೇ ಹೇಳುವ ಚಾಳಿ ನಮ್ಮವರಿಗೆ ಹೆಚ್ಚು.

ನನ್ನ ಹೆಂಡತಿ ಮಗನಿಗಾಗಿ ಕೆಲಸ ಬಿಟ್ಟಿದ್ದಾಳೆ. ಅವಳನ್ನೇ ಸಪೋರ್ಟ್ ವರ್ಕರ್ ಮಾಡಿ ಸಂಬಳ ಕೊಡಲು ಆಗುತ್ತದೆಯೇ? — ಓದುಗರು, ಬ್ರಿಸ್ಬೇನ್

ಆಗುವುದಿಲ್ಲ ಎಂದೇ ತಿಳಿಯಿರಿ. ಹತ್ತಿರದ ಸಂಬಂಧಿಗೆ ಪ್ಲಾನಿನಿಂದ ದುಡ್ಡು ಕೊಡುವುದು ತೀರಾ ಅಸಾಧಾರಣ ಸಂದರ್ಭದಲ್ಲಿ, ಮೊದಲೇ ಒಪ್ಪಿಗೆ ಪಡೆದು ಮಾತ್ರ. ಸ್ನೇಹಿತರ ಎಬಿಎನ್ ಎಂಬ ವ್ಯಾಪಾರ ನೋಂದಣಿ ನಂಬರಿನಲ್ಲಿ ಬಿಲ್ ಮಾಡಿಸಿ ಹೆಂಡತಿಯ ಖಾತೆಗೆ ತರಿಸುವ ಸಲಹೆ ಕೊಡುವವರಿದ್ದಾರೆ. ಅದು ವಂಚನೆ, ಮತ್ತು ಸಾಲವಾಗಿ ನಿಮ್ಮ ತಲೆಗೇ ಬರುತ್ತದೆ.

ಆರೈಕೆ ಮಾಡುವವರಿಗೆ ದುಡ್ಡು ಬರುವ ದಾರಿ ಬೇರೆ, ಅದು ಸರ್ಕಾರಿ ಭತ್ಯೆಗಳನ್ನು ಕೊಡುವ ಸೆಂಟರ್‌ಲಿಂಕ್. ಅಲ್ಲಿ ಎರಡು ಇವೆ. ಕೇರರ್ ಪೇಮೆಂಟ್ ದೊಡ್ಡದು, ಆದರೆ ದಂಪತಿಯ ಆದಾಯ, ಆಸ್ತಿ ಎರಡನ್ನೂ ನೋಡುತ್ತಾರೆ, ಗಂಡನ ಐಟಿ ಸಂಬಳ ಒಂದಿದ್ದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ಕೇರರ್ ಅಲೋಯನ್ಸ್ ಚಿಕ್ಕದು. 2025ರಲ್ಲಿ ಹದಿನೈದು ದಿನಕ್ಕೊಮ್ಮೆ 159.30 ಡಾಲರ್ ಇತ್ತು. ಕುಟುಂಬದ ಆದಾಯ ವರ್ಷಕ್ಕೆ 2,50,000 ಡಾಲರ್ ಒಳಗಿದ್ದರೆ ಕೇಳಬಹುದು. ನಮ್ಮ ಬಹುಪಾಲು ಕುಟುಂಬಗಳಿಗೆ ಸಿಗುವುದು ಇದೇ, ಅರ್ಜಿ ಹಾಕದೆ ಬಿಟ್ಟವರೂ ಬಹಳ. ಎನ್‌ಡಿಐಎಸ್ ದುಡ್ಡನ್ನು ಆದಾಯವೆಂದು ಲೆಕ್ಕ ಹಿಡಿಯುವುದಿಲ್ಲ.

ಅರ್ಜಿ ಸರ್ಕಾರದ ಮೈಗವ್ ಆನ್‌ಲೈನ್ ಖಾತೆಯ ಮೂಲಕ. ಒಂದು ಭಾಗವನ್ನು ವೈದ್ಯರು, ಇನ್ನೊಂದನ್ನು ಆರೈಕೆ ಮಾಡುವವರು ತುಂಬಬೇಕು. ಜಿಪಿಗೆ ಫಾರಂ ಮಾತ್ರ ಕೊಟ್ಟು ಬರಬೇಡಿ, ನಿಮ್ಮ ನೋಟ್‌ಬುಕ್ಕಿನ ಎರಡು ಪುಟವನ್ನೂ ಕೊಡಿ. ಹತ್ತು ನಿಮಿಷದ ಭೇಟಿಯಲ್ಲಿ ಅವರಿಗೆ ನಿಮ್ಮ ರಾತ್ರಿ ಕಾಣುವುದಿಲ್ಲ. ಹೊಸದಾಗಿ ಪಿಆರ್ (ಕಾಯಂ ವಾಸದ ಅನುಮತಿ) ಆದವರಿಗೆ ಕಾಯುವ ಅವಧಿ ಇದೆ, ಎಷ್ಟೆಂದು ಮೊದಲೇ ಸೆಂಟರ್‌ಲಿಂಕ್‌ನಲ್ಲಿ ಕೇಳಿಕೊಳ್ಳಿ. ಮಗುವಿಗೆ 16 ತುಂಬಿದಾಗ ವಯಸ್ಕರ ಮಾನದಂಡದಲ್ಲಿ ಮತ್ತೆ ಪರಿಶೀಲನೆ ನಡೆಯುತ್ತದೆ. ಆ ಪತ್ರಕ್ಕೆ ಉತ್ತರಿಸದಿದ್ದರೆ ನಿಂತುಹೋಗುತ್ತದೆ.

ಕೇರರ್ ಪೇಮೆಂಟ್ ಬರುತ್ತಿರುವವರಿಗೆ ಒಂದು ಒಳ್ಳೆಯ ಸುದ್ದಿಯೂ ಇದೆ. ವಾರಕ್ಕೆ 25 ಗಂಟೆ ಮಾತ್ರ ಕೆಲಸ ಎಂಬ ಮಿತಿ 2025ರ ಮಾರ್ಚ್ 20ರಿಂದ ನಾಲ್ಕು ವಾರಕ್ಕೆ 100 ಗಂಟೆ ಎಂದಾಯಿತು. ಓದು, ಸ್ವಯಂಸೇವೆ, ಕೆಲಸಕ್ಕೆ ಹೋಗಿಬರುವ ಹೊತ್ತು ಈಗ ಅದರಲ್ಲಿ ಸೇರುವುದಿಲ್ಲ.

ಫಿಸಿಯೋಥೆರಪಿಸ್ಟ್ ಮನೆಗೆ ಬರುವುದನ್ನು ನಿಲ್ಲಿಸಿದ್ದಾರೆ, ಕ್ಲಿನಿಕ್‌ಗೆ ಕರೆತನ್ನಿ ಎನ್ನುತ್ತಾರೆ. ಯಾಕೆ? — ಓದುಗರು, ಜಿಲಾಂಗ್

2025ರ ಜುಲೈ 1ರಿಂದ ಥೆರಪಿಸ್ಟ್‌ಗಳು ಪ್ರಯಾಣದ ಹೊತ್ತಿಗೆ ಅರ್ಧ ದರ ಮಾತ್ರ ಹಾಕಬಹುದು. ಫಿಸಿಯೋ ದರವೂ ಗಂಟೆಗೆ 193.99ರಿಂದ 183.99ಕ್ಕೆ ಇಳಿಯಿತು. ದೂರದ ಮನೆಗಳಿಗೆ ಬರುವುದು ಅವರಿಗೆ ಗಿಟ್ಟುತ್ತಿಲ್ಲ. ಯೋಜನೆಯ ಖಾತೆಯಲ್ಲಿ ಇದು ಉಳಿತಾಯ, ನಿಮ್ಮ ಖಾತೆಯಲ್ಲಿ ಅರ್ಧ ದಿನದ ರಜೆ. ಒಂದೇ ಬಡಾವಣೆಯ ಎರಡು ಮೂರು ಮನೆಯವರು ಒಂದೇ ದಿನ ಹೊತ್ತು ಗೊತ್ತುಮಾಡಿಕೊಂಡು ಕರೆದರೆ ಹಲವರು ಒಪ್ಪುತ್ತಾರೆ, ಪ್ರಯಾಣದ ಖರ್ಚೂ ಹಂಚಿಹೋಗುತ್ತದೆ.

ಯೋಗ ಚಿಕಿತ್ಸೆಗೆ ಪ್ಲಾನಿನ ದುಡ್ಡು ಬಳಸಬಹುದೇ? — ಓದುಗರು, ಪರ್ತ್

ಬೇಡ. 2024ರ ಅಕ್ಟೋಬರ್‌ನಿಂದ ಯಾವುದು ಕೊಳ್ಳಬಹುದು, ಯಾವುದು ಕೂಡದು ಎಂಬ ಪಟ್ಟಿಯೇ ಇದೆ. ಯೋಗ ಚಿಕಿತ್ಸೆ ಕೂಡದ ಪಟ್ಟಿಯಲ್ಲಿದೆ. ಅದನ್ನು ಟ್ಯಾರೋ ಕಾರ್ಡ್‌ನ ಸಾಲಿನಲ್ಲಿ ಕೂರಿಸಿದ್ದು ನಮಗೆ ಸರಿ ಕಾಣದಿರಬಹುದು, ಆದರೂ ನಿಯಮ ನಿಯಮವೇ. ಮನೆ ಬಾಡಿಗೆ, ದಿನಸಿಯೂ ಅಷ್ಟೇ.

ಪ್ಲಾನ್ ಕಡಿತವಾಗಿದೆ. ಎಲ್ಲಿ ಕೇಳಬೇಕು? — ಓದುಗರು, ಅಡಿಲೇಡ್

ನಿರ್ಧಾರದ ಪತ್ರ ಕೈಸೇರಿದ ಮೂರು ತಿಂಗಳೊಳಗೆ ಇಂಟರ್ನಲ್ ರಿವ್ಯೂ, ಅಂದರೆ ಅದೇ ಸಂಸ್ಥೆಯೊಳಗಿನ ಮರುಪರಿಶೀಲನೆ, ಕೇಳಿ. ಅವರು 60 ದಿನದಲ್ಲಿ ಉತ್ತರಿಸಬೇಕು. ಅದೂ ಒಪ್ಪಿಗೆಯಾಗದಿದ್ದರೆ 28 ದಿನದೊಳಗೆ ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯೂನಲ್‌ಗೆ ಹೋಗಬಹುದು. 2024ರ ಅಕ್ಟೋಬರ್ 14ರಿಂದ ಎಎಟಿ ಎಂಬ ಹಳೆಯ ಟ್ರಿಬ್ಯೂನಲ್ ಬದಲು ಇದೇ ಇದೆ.

ಇಲ್ಲಿ ಕೆಡುವುದು ಒಂದೇ ಕಡೆ. ಫೋನಿನಲ್ಲಿ "ಪ್ಲಾನ್ ಬದಲಿಸಿ ಕೊಡಿ" ಎಂದರೆ ಅದನ್ನು ಪರಿಸ್ಥಿತಿ ಬದಲಾವಣೆಯ ಅರ್ಜಿ ಎಂದು ದಾಖಲಿಸಿಕೊಳ್ಳುವ ಸಾಧ್ಯತೆ ಇದೆ. ಮೂರು ತಿಂಗಳು ಹಾಗೇ ಕಳೆದು ಮೇಲ್ಮನವಿಯ ಬಾಗಿಲು ಮುಚ್ಚುತ್ತದೆ. ಬರಹದಲ್ಲೇ, "ಇಂಥ ತಾರೀಖಿನ ನಿರ್ಧಾರದ ಇಂಟರ್ನಲ್ ರಿವ್ಯೂ ಕೇಳುತ್ತಿದ್ದೇನೆ" ಎಂದು ಸ್ಪಷ್ಟವಾಗಿ ಬರೆದು ಪ್ರತಿ ಇಟ್ಟುಕೊಳ್ಳಿ. ರಿವ್ಯೂ ನಡೆಯುವಾಗ ಕಡಿತವಾದ ಪ್ಲಾನೇ ಚಾಲ್ತಿಯಲ್ಲಿರುತ್ತದೆ, ಅದಕ್ಕೆ ತಕ್ಕಂತೆ ಖರ್ಚು ಮಾಡಿ. ನಿಮ್ಮ ಪರ ಮಾತಾಡಿ ಉಚಿತವಾಗಿ ನೆರವಾಗುವ ಅಡ್ವೊಕೇಟ್‌ಗಳಿದ್ದಾರೆ. ಇಂಗ್ಲಿಷ್ ತೊಡಕಾದರೆ ಟಿಐಎಸ್ ಎಂಬ ಸರ್ಕಾರಿ ದುಭಾಷಿ ಸೇವೆಯ 131 450ಕ್ಕೆ ಕರೆ ಮಾಡಿ ಕನ್ನಡದ ದುಭಾಷಿಯನ್ನು ಕೇಳಿ.

ಮಗನಿಗೆ ಐದು ವರ್ಷ, ಆಟಿಸಂ. "ಥ್ರೈವಿಂಗ್ ಕಿಡ್ಸ್" ಬಂದರೆ ಅವನನ್ನು ಎನ್‌ಡಿಐಎಸ್‌ನಿಂದ ತೆಗೆದುಹಾಕುತ್ತಾರೆಯೇ? — ಓದುಗರು, ಕ್ಯಾನ್‌ಬೆರಾ

2025ರ ಆಗಸ್ಟ್ 20ರಂದು ಸಚಿವ ಮಾರ್ಕ್ ಬಟ್ಲರ್ ಪ್ರಕಟಿಸಿದ ಈ ಕಾರ್ಯಕ್ರಮಕ್ಕೆ ಕೇಂದ್ರದಿಂದ 200 ಕೋಟಿ ಡಾಲರ್ ತೆಗೆದಿಟ್ಟಿದ್ದಾರೆ. ಎಂಟು ವರ್ಷದವರೆಗಿನ, ಸೌಮ್ಯದಿಂದ ಮಧ್ಯಮ ಪ್ರಮಾಣದ ಬೆಳವಣಿಗೆಯ ತೊಂದರೆ ಅಥವಾ ಆಟಿಸಂ ಇರುವ ಮಕ್ಕಳನ್ನು ಎನ್‌ಡಿಐಎಸ್ ಹೊರಗೆ ನೋಡಿಕೊಳ್ಳುವುದು ಉದ್ದೇಶ. ಈಗಾಗಲೇ ಯೋಜನೆಯಲ್ಲಿರುವವರು ಎಂದಿನ ಮರುಪರಿಶೀಲನೆಗೆ ಒಳಪಡುತ್ತಾರೆ ಎಂದು ಅಂದೇ ಹೇಳಿದ್ದಾರೆ. ನಿಮ್ಮ ಮಗನ ಅಗತ್ಯ "ಸೌಮ್ಯ" ಅಲ್ಲವಾದರೆ ಅದು ವರದಿಯಲ್ಲಿ ಕಾಣಬೇಕು. ಸ್ಪೀಚ್ ಮತ್ತು ಒಟಿ (ಆಕ್ಯುಪೇಷನಲ್ ಥೆರಪಿ) ವರದಿಗಳಲ್ಲಿ ರೋಗದ ಹೆಸರಿಗಿಂತ, ಮಗು ಏನು ಮಾಡಲಾರ, ಎಷ್ಟು ಹೊತ್ತು ಯಾರು ಪಕ್ಕದಲ್ಲಿರಬೇಕು ಎಂಬುದನ್ನು ಬರೆಸಿ.

ಮಗಳನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಮೂರು ತಿಂಗಳು ಬರಬೇಕೆಂದಿದ್ದೇವೆ. ಪ್ಲಾನ್ ಏನಾಗುತ್ತದೆ? — ಓದುಗರು, ಸಿಡ್ನಿ

ಆರು ವಾರದವರೆಗೆ ದೇಶ ಬಿಟ್ಟಿದ್ದರೆ ಪ್ಲಾನ್‌ಗೆ ತೊಂದರೆಯಿಲ್ಲ. ಅದಕ್ಕಿಂತ ಹೆಚ್ಚಾದರೆ, ಅವರು ಅವಧಿ ವಿಸ್ತರಿಸದ ಹೊರತು, ವಾಪಸ್ ಬರುವವರೆಗೆ ತಡೆಹಿಡಿಯುತ್ತಾರೆ. ಆ ದಿನಗಳ ಬಿಲ್ಲು ಸಲ್ಲುವುದಿಲ್ಲ. ಕೇರರ್ ಪೇಮೆಂಟ್, ಅಲೋಯನ್ಸ್‌ಗೂ ಸಾಮಾನ್ಯವಾಗಿ ಆರು ವಾರವೇ ಮಿತಿ. ಟಿಕೆಟ್ ಕೊಳ್ಳುವ ಮೊದಲೇ ಎರಡೂ ಕಡೆ ತಿಳಿಸಿ, ಊರಿನ ಆರೈಕೆಗೆ ದುಡ್ಡು ಬಳಸುವ ಯೋಚನೆಯಿದ್ದರೆ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಕಂತಿನ ಲೆಕ್ಕವನ್ನೂ ನೋಡಿ: ಹೊರಡುವ ಮುನ್ನ ಏಜೆನ್ಸಿಗೆ ರದ್ದತಿಯ ನೋಟಿಸ್ ಕೊಡದಿದ್ದರೆ ಬಾರದ ವರ್ಕರ್‌ನ ಗಂಟೆಗೂ ಬಿಲ್ ಬೀಳುತ್ತದೆ.

ಕಾಯಂ ಆಗಿ ಊರಿಗೆ ಮರಳುವುದಾದರೆ ಎನ್‌ಡಿಐಎಸ್‌ನಿಂದ ಏನೂ ಜೊತೆಗೆ ಬರುವುದಿಲ್ಲ. ಮಗಳು ಭಾರತದ ಪ್ರಜೆಯಾಗಿದ್ದರೆ ಮೊದಲ ಕೆಲಸ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡ್‌ಗೆ ಅರ್ಜಿ. ವಾಸದ ಜಿಲ್ಲೆಯಲ್ಲಿ ಹಾಕಬಹುದು, ವಿಳಾಸದ ದಾಖಲೆ ಸಿದ್ಧವಿರಲಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಮೊದಲೇ ವೈದ್ಯಕೀಯ ಪರೀಕ್ಷೆ ಕೇಳುವುದಿಲ್ಲ. ಆಸ್ಟ್ರೇಲಿಯಾದ ಥೆರಪಿ ವರದಿಗಳನ್ನು ಹೊರಡುವ ಮೊದಲೇ ಸಹಿ, ಮುದ್ರೆಯೊಂದಿಗೆ ಕಾಗದದಲ್ಲಿ ಪಡೆದುಕೊಳ್ಳಿ.