ಕೈ ಬಿಗಿ ಇರುವಾಗ ಹಾಸನದಿಂದ ಬಿಡದಿ ಹತ್ತಿರದ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕ್‌ಗೆ ಹೋಗೋದು ಸರಿಯಾ?

ಸಾಲ ಮಾಡದೆ, ವಾರದ ಮಧ್ಯೆ, ಬೆಳಗಿನ ಜಾವ ಹೊರಟು ರಾತ್ರಿ ವಾಪಸ್ ಬರೋದಾದರೆ ಹೋಗಿ. ಶನಿವಾರ-ಭಾನುವಾರ, ರೂಮು ಮಾಡಿಕೊಂಡು ಅಂದ್ರೆ ಈ ವರ್ಷ ಬೇಡ.

ಯಾಕೆ? ಗೇಟಿನಲ್ಲಿ ಒಂದು ಸಲ ದುಡ್ಡು ಕಟ್ಟಿದ ಮೇಲೆ 4 ರೈಡ್ ಆಡಿದರೂ ಅಷ್ಟೇ, 20 ಆಡಿದರೂ ಅಷ್ಟೇ. ಕ್ಯೂ ಉದ್ದ ಆದಷ್ಟೂ ಒಂದೊಂದು ರೈಡ್ ದುಬಾರಿ ಬೀಳುತ್ತದೆ. ವಾರಾಂತ್ಯದಲ್ಲಿ ಟಿಕೆಟ್ ದರವೂ ಜಾಸ್ತಿ, ಜನವೂ ಜಾಸ್ತಿ, ಎರಡೂ ಕಡೆ ಪೆಟ್ಟು.

ಮಕ್ಕಳ ಟಿಕೆಟ್ ವಯಸ್ಸಲ್ಲ, ಎತ್ತರ ನೋಡಿ ಕೊಡೋದು. ಮನೆಯ ಗೋಡೆಗೆ ನಿಲ್ಲಿಸಿ ಅಳೆದುಕೊಂಡೇ ಹೊರಡಿ. ತೀರಾ ಪುಟ್ಟ ಮಕ್ಕಳನ್ನು ದೊಡ್ಡ ರೈಡ್‌ಗೆ ಹತ್ತಿಸೋದೇ ಇಲ್ಲ. ಅವರಿಗೆ ಹಾಸನದ ಹತ್ತಿರದ ಗೊರೂರು ಡ್ಯಾಮ್ ಸಾಕು, ಅಲ್ವಾ? ಒಳಗೆ ಊಟದ ಬಿಲ್ ಕೈ ಸುಡುತ್ತದೆ. ಬಿಡದಿಯಲ್ಲೇ ತಟ್ಟೆ ಇಡ್ಲಿ ಹೊಟ್ಟೆ ತುಂಬ ತಿಂದು ಒಳಗೆ ಹೋಗಿ.